ಇನ್ನೂ ಹಸಿದ ನೆರಳಿನ ಹಲ್ಲು

ಊರಿನ ಅರ್ಧ ಮುದುಕರ ಬಾಯಿಗೆ ಹಲ್ಲು ಕಟ್ಟಿದವನ ಮನೆಯಲ್ಲಿ, ಅವನ ಸ್ವಂತ ಅತ್ತೆ ಬೋಳು ಬಾಯಲ್ಲಿ ಓಡಾಡುತ್ತಿದ್ದರು. ಈ ಅನ್ಯಾಯವನ್ನು ಹಲ್ಲುಮೇಸ್ತ್ರಿಯ ಹೆಂಡತಿ ದಿನಕ್ಕೆ ಮೂರು ಸಲ ಎತ್ತುತ್ತಿದ್ದಳು. (ಮೂರೇ ಸಲ ಯಾಕೆಂದರೆ ಆ ಮನೆಯಲ್ಲಿ ಊಟ ತಿಂಡಿ ಸೇರಿ ಮೂರೇ ಹೊತ್ತು.)

"ಬೀದಿಯವರೆಲ್ಲ ಕಟಕಟ ಅಂತ ಕಡಿದು ತಿಂತಿದ್ದಾರೆ. ನಮ್ಮಮ್ಮ ಮಾತ್ರ ಬ್ರೆಡ್ಡನ್ನ ಹಾಲಲ್ಲಿ ನೆನೆಸಿ ನುಂಗಬೇಕು. ಯಾಕ್ರೀ? ನಮ್ಮಮ್ಮನ ಬಾಯಿ ಬಾಯಲ್ವಾ?"

"ಬಾಯೇ ಕಣೇ. ಅದರಲ್ಲೇನು ಅನುಮಾನ?" ಎನ್ನುತ್ತಿದ್ದ ಮೇಸ್ತ್ರಿ. ಅನುಮಾನ ನಿಜಕ್ಕೂ ಇರಲಿಲ್ಲ. ಅತ್ತೆಯ ಬಾಯಿ ಹಲ್ಲಿದ್ದಾಗಲೂ ಸುಮ್ಮನಿರಲಿಲ್ಲ, ಹಲ್ಲು ಹೋದ ಮೇಲೂ ಸುಮ್ಮನಿರಲಿಲ್ಲ.

ಮೇಸ್ತ್ರಿಯ ಅಂಗಡಿ ಮನೆಯ ಮುಂದಿನ ಕೋಣೆಯಲ್ಲೇ ಇತ್ತು. ಹಲ್ಲಿನ ಡಾಕ್ಟರು ಗಿರಾಕಿಯ ಬಾಯಿಯ ಅಳತೆ ತೆಗೆದು ಕಳಿಸಿದರೆ, ಇವನು ಪ್ಲಾಸ್ಟರಿನ ಅಚ್ಚು ಹುಯ್ದು, ಅದರ ಮೇಲೆ ಗುಲಾಬಿ ಮೇಣ ಹಾಸಿ, ಸ್ಪಿರಿಟ್ ದೀಪದಲ್ಲಿ ಸಣ್ಣ ಚಾಕು ಕಾಯಿಸಿಕೊಂಡು, ಹಲ್ಲುಗಳನ್ನು ಒಂದೊಂದಾಗಿ ನಿಲ್ಲಿಸುತ್ತಿದ್ದ. ಗಿರಾಕಿ ಮೇಣದ ಹಲ್ಲನ್ನು ಬಾಯಲ್ಲಿಟ್ಟು, ಕನ್ನಡಿ ನೋಡಿ, ಸರಿ ಎಂದ ಮೇಲೆ ಗಟ್ಟಿ ಸೆಟ್ಟು. ಅವನು ಕಟ್ಟಿದ ಹಲ್ಲು ಕಟ್ಟಿದ ಹಲ್ಲಿನ ಹಾಗೆ ಕಾಣುತ್ತಿರಲಿಲ್ಲ ಎಂಬುದೇ ಅವನ ಹೆಗ್ಗಳಿಕೆ. ಒಮ್ಮೆ ಪರ ಊರಿನ ಡಾಕ್ಟರೊಬ್ಬರು ಬಂದವರು, "ನಿಮ್ಮ ಊರಿನ ಹಿರಿಯರು ನಕ್ಕರೆ ಎಲ್ಲರೂ ಒಂದೇ ಮನೆಯವರ ಹಾಗೆ ಕಾಣ್ತಾರಲ್ರೀ" ಎಂದಿದ್ದರು. ಅದನ್ನು ಮೇಸ್ತ್ರಿ ಊರಿನ ಒಗ್ಗಟ್ಟಿಗೆ ಸಿಕ್ಕ ಪ್ರಶಂಸೆ ಎಂದುಕೊಂಡು ವರ್ಷಗಟ್ಟಲೆ ಹೇಳಿಕೊಂಡು ತಿರುಗಿದ್ದ.

ಅತ್ತೆಯ ಅಚ್ಚು ಎರಡು ತಿಂಗಳಿಂದ ಕಪಾಟಿನ ಮೇಲೆ, ಮೇಣವನ್ನು ಮಾತ್ರ ಹೊದ್ದುಕೊಂಡು, ಒಂದು ಹಲ್ಲೂ ಕಾಣದೆ ಕೂತಿತ್ತು. ಅದನ್ನು ಬದಿಗೆ ಸರಿಸಿ ಮೇಸ್ತ್ರಿ ಹಗಲೆಲ್ಲ ಕಟ್ಟುತ್ತಿದ್ದದ್ದು ಒಂದು ರಕ್ತಪಿಶಾಚಿಯ ಹಲ್ಲನ್ನು.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದವನೊಬ್ಬ, ಇಪ್ಪತ್ತು ವರ್ಷ ಪಾಸ್‌ಪೋರ್ಟ್ ಅಳತೆಯ ಮುಖಗಳನ್ನೇ ತೆಗೆದು ತೆಗೆದು ಬೇಸತ್ತು, ಎರಡು ವರ್ಷದ ಹಿಂದೆ ಒಂದು ಸಿನಿಮಾ ತೆಗೆದಿದ್ದ. ಹೆಸರು 'ಹಸಿದ ನೆರಳು'. ಪಿಶಾಚಿಯ ಪಾತ್ರಕ್ಕೆ ಅವನು ಹಿಡಿದುಕೊಂಡು ಬಂದದ್ದು ನಿವೃತ್ತ ಅಂಚೆಯವರನ್ನು. ಊರಿನವರ ಬಾಯಲ್ಲಿ ಅವರು ಅಂಚೆಯಣ್ಣ. ಆರಡಿ ಎತ್ತರ, ಕೋಲಿನಂಥ ಮೈ, ಕೆನ್ನೆ ಒಳಗೆ ಹೋಗಿತ್ತು. ಎಲ್ಲಕ್ಕಿಂತ ಮುಖ್ಯವಾಗಿ ಅವರ ಹಲ್ಲು ಮೇಸ್ತ್ರಿ ಕಟ್ಟಿದ್ದು. ತೆಗೆದಿಟ್ಟು ಬೇರೆ ಹಾಕಿಕೊಳ್ಳಬಹುದಿತ್ತು. ಹಲ್ಲನ್ನೂ ಅಂಗಿಯ ಹಾಗೆ ಬದಲಾಯಿಸಬಲ್ಲ ನಟ ಇನ್ನೆಲ್ಲಿ ಸಿಗಬೇಕು?

ಆದರೆ ಸ್ಟುಡಿಯೋದವನು ದುಡುಕಿ ಹಲ್ಲನ್ನು ರಟ್ಟಿನಲ್ಲಿ ಮಾಡಿದ. ನಾಯಕಿಯ ಕುತ್ತಿಗೆಗೆ ಬಾಯಿ ಹಾಕುವ ಹೊತ್ತಿಗೆ ರಟ್ಟು ಎಂಜಲಿಗೆ ನೆನೆದು ಮೆತ್ತಗಾಗಿ, ಕೋರೆಹಲ್ಲೊಂದು ಆಕೆಯ ಭುಜಕ್ಕೆ ಅಂಟಿಕೊಂಡಿತು. ಮತ್ತೆ ತೆಗೆಯಲು ಪುರುಸೊತ್ತಿಲ್ಲದೆ ಅದನ್ನೇ ತೋರಿಸಿದರು. ಪಿಶಾಚಿ ಮಲಗುವ ಶವಪೆಟ್ಟಿಗೆ ಫ್ರಿಜ್ಜು ಬಂದ ರಟ್ಟಿನ ಖೋಕಾ. 'ಈ ಬದಿ ಮೇಲೆ' ಎಂಬ ಬಾಣದ ಗುರುತು ಪರದೆಯ ಮೇಲೆ ಸ್ಪಷ್ಟವಾಗಿ ಕಾಣುತ್ತಿತ್ತು. ಇದರ ಮೇಲೆ ಅಂಚೆಯಣ್ಣ, ನಲವತ್ತು ವರ್ಷದ ಅಭ್ಯಾಸ ಬಿಡಲಾಗದೆ, ಕತ್ತಲಲ್ಲಿ ನಾಯಕಿಯ ಬಾಗಿಲು ತಟ್ಟಿ, ಒಂದು ಹೆಜ್ಜೆ ಹಿಂದೆ ಸರಿದು ನಿಂತು, "ಪೋಸ್ಟ್!" ಎಂದುಬಿಟ್ಟಿದ್ದರು.

ಜನ ಕುರ್ಚಿಯಿಂದ ಜಾರಿ ಬಿದ್ದು ನಕ್ಕರು. ಎರಡನೇ ದಿನ ನಗುವುದಕ್ಕೆಂದೇ ನೆಂಟರನ್ನು ಕರೆದುಕೊಂಡು ಬಂದರು. ಸ್ಟುಡಿಯೋದವನು ಮಾತ್ರ ಗೇಟಿನ ಬಳಿ ನಿಂತು ಅತ್ತ. ಆವತ್ತೇ ಪ್ರತಿಜ್ಞೆ ಮಾಡಿದ: "ಇನ್ನೊಂದು ಭಾಗ ತೆಗೀತೀನಿ. ಇದೇ ಜನ, ಇದೇ ಕುರ್ಚಿ ಮೇಲೆ ಕೂತು ಚೀರಬೇಕು." ಎರಡನೇ ಭಾಗದ ಹೆಸರನ್ನೂ ಅಲ್ಲೇ ಇಟ್ಟ: 'ಇನ್ನೂ ಹಸಿದ ನೆರಳು'.

ಹಾಗೆ ಅವನು ಮೇಸ್ತ್ರಿಯ ಬಾಗಿಲಿಗೆ ಬಂದದ್ದು.

"ಮೇಸ್ತ್ರಿ, ನೋಡಿದವರ ಎದೆ ಒಡೀಬೇಕು. ಅಂಥ ಹಲ್ಲು ಬೇಕು. ಪರದೆ ಮೇಲೆ ನಿಮ್ಮ ಹೆಸರು ಒಂಟಿಯಾಗಿ ಬರುತ್ತೆ."

ಹೆಸರು, ಅದೂ ಒಂಟಿಯಾಗಿ! ಮೇಸ್ತ್ರಿಯ ಎದೆ ಆಗಲೇ ಅರ್ಧ ಒಡೆಯಿತು. ಇಪ್ಪತ್ತನಾಲ್ಕು ವರ್ಷ ಅವನ ಕಲಾಕೃತಿಗಳು ಬಾಯೊಳಗೆ ಬಚ್ಚಿಟ್ಟುಕೊಂಡೇ ಬಾಳಿದ್ದವು, ರಾತ್ರಿ ಲೋಟದ ನೀರಿನಲ್ಲಿ ಮಲಗಿದ್ದವು. ಈಗ ನಲವತ್ತು ಅಡಿ ಅಗಲದ ಪರದೆ.

ಮನೆಯಲ್ಲಿ ವಿಷಯ ತಿಳಿದಾಗ ಹೆಂಡತಿ ಕೇಳಿದಳು, "ಅಂದ್ರೆ ನಮ್ಮಮ್ಮನಿಗಿಂತ ಮೊದಲು ದೆವ್ವಕ್ಕೆ ಹಲ್ಲು?"

"ಕಲೆ ಕಣೇ ಇದು."

"ನಮ್ಮಮ್ಮನ ಹಸಿವು ಕಲೆ ಅಲ್ವಾ?"

ಬಾಗಿಲ ಬಳಿ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದ ಅತ್ತೆ ಒಳಗೆ ಬಂದರು. ಅವರಿಗೆ ಕೋಪ ಬಂದಾಗ ದನಿ ಏರುತ್ತಿರಲಿಲ್ಲ, ಇಳಿಯುತ್ತಿತ್ತು. ಅಳಿಯನಿಗೆ ಅದೇ ಭಯ.

"ಅಳಿಯಂದಿರೇ, ಮಾಡಿ, ಧಾರಾಳವಾಗಿ ಮಾಡಿ. ನಾನೂ ಬಂದು ನೋಡ್ತೀನಿ. ಆದ್ರೆ ಒಂದು ಮಾತು. ನೀವು ಕಟ್ಟಿದ ಹಲ್ಲು ನೋಡಿ ಜನ ಚೀರಿದ್ರೆ, ಆ ಕೈಯಲ್ಲಿ ಕಟ್ಟಿದ ಹಲ್ಲು ನನ್ನ ಬಾಯಿಗೆ ಬೇಡ. ಮಕ್ಕಳು ಮರಿ ಓಡಾಡೋ ಮನೆ ಇದು."

"ಚೀರಲ್ಲ ಅತ್ತೆ, ಮೆಚ್ಕೋತಾರೆ..."

"ಇರಿ, ಮುಗೀಲಿಲ್ಲ. ಹೋದ ಸಲದ ಹಾಗೆ ಜನ ನಕ್ಕರೂ ಬೇಡ. ಊರು ನಕ್ಕ ಹಲ್ಲನ್ನ ಹಾಕ್ಕೊಂಡು ಓಡಾಡೋ ಗತಿ ನನಗೆ ಬಂದಿಲ್ಲ."

ಮೇಸ್ತ್ರಿ ಲೆಕ್ಕ ಹಾಕಿದ. ಚೀರಿದರೆ ಅತ್ತೆಗೆ ಹಲ್ಲು ಬೇಡ. ನಕ್ಕರೂ ಬೇಡ. ಭಯದ ಸಿನಿಮಾಕ್ಕೆ ಹೋದ ಮನುಷ್ಯ ಇವೆರಡನ್ನು ಬಿಟ್ಟು ಮಾಡುವುದಕ್ಕೆ ಇನ್ನೇನಿದೆ? ನಿದ್ದೆ ಹೋಗಬಹುದು. ನಿದ್ದೆ ಹೋದರೆ ಸ್ಟುಡಿಯೋದವನು ನೇಣು ಹಾಕಿಕೊಳ್ಳುತ್ತಾನೆ.

"ಅಮ್ಮ ಹೇಳಿದ್ದು ಕೇಳಿಸ್ತಾ?" ಎಂದಳು ಹೆಂಡತಿ. "ಅಮ್ಮನಿಗೆ ಹಲ್ಲು ಬರಲಿಲ್ಲ ಅಂದ್ರೆ ಇನ್ನು ಮೇಲೆ ಮನೆಯಲ್ಲಿ ಎಲ್ಲರಿಗೂ ನೆನೆಸಿದ ಬ್ರೆಡ್ಡೇ. ನಿಮಗೂ."

ಆದರೂ ಮೇಸ್ತ್ರಿ ಹಿಂದೆ ಸರಿಯಲಿಲ್ಲ. ಕಸುಬಿನವನ ಹಟ ಅದು. ಬೇರೆ ಕೆಲಸ ಬಿಟ್ಟು ಕೂತ. ಕೋರೆಹಲ್ಲು ಎರಡನ್ನೂ ಉದ್ದ ಬೆಳೆಸಿದ, ತುದಿಯನ್ನು ಉಜ್ಜಿ ಉಜ್ಜಿ ಕಾಗದ ಕೊಯ್ಯುವಷ್ಟು ಚೂಪು ಮಾಡಿದ. ಹೊಳಪು ಕೊಡುವುದಕ್ಕೇ ಒಂದು ದಿನ ಹಿಡಿಯಿತು. ಅಂಚೆಯಣ್ಣ ಬಂದು ಹಾಕಿಕೊಂಡು ಕನ್ನಡಿ ನೋಡಿದರು. "ಚೆನ್ನಾಗಿ ಕೂತಿದೆ ಮೇಸ್ತ್ರಿ. ನಂದೇ ಹಲ್ಲಿನ ಹಾಗಿದೆ" ಎಂದರು. ಪಿಶಾಚಿಯ ಬಾಯಿಂದ ಬರಬಾರದ ಮಾತು ಅದು. ಆದರೆ ಮೇಸ್ತ್ರಿಗೆ ಅದು ಹೊಳೆಯಲಿಲ್ಲ.

ಚಿತ್ರೀಕರಣವೆಲ್ಲ ಮುಗಿದು ಸಿನಿಮಾ ತೆರೆಗೆ ಬಂತು. ಭಾನುವಾರ ಮಧ್ಯಾಹ್ನ ಮೊದಲ ಆಟ. ಊರಿನ ಹಳೆಯ ಚಿತ್ರಮಂದಿರದಲ್ಲಿ ಕಾಲಿಡಲು ಜಾಗವಿಲ್ಲ. ಎಲ್ಲರೂ ನಗುವುದಕ್ಕೆ ಸಿದ್ಧವಾಗಿ ಬಂದಿದ್ದರು. ಕೆಲವರು ಬಾಗಿಲಲ್ಲೇ ಒಂದೆರಡು ನಕ್ಕು ಅಭ್ಯಾಸ ಮಾಡಿಕೊಳ್ಳುತ್ತಿದ್ದರು. ಮೇಸ್ತ್ರಿಯ ಎಡಕ್ಕೆ ಹೆಂಡತಿ, ಬಲಕ್ಕೆ ಅತ್ತೆ. ನಡುವೆ ಅವನು, ಇಕ್ಕಳದಲ್ಲಿ ಸಿಕ್ಕ ದವಡೆಹಲ್ಲಿನ ಹಾಗೆ.

ದೀಪ ಆರಿತು. 'ಹಲ್ಲು' ಎಂದು ದೊಡ್ಡಕ್ಷರದಲ್ಲಿ ಬಂದು, ಕೆಳಗೆ ಅವನ ಹೆಸರು ಒಂಟಿಯಾಗಿ ನಿಂತಿತು. ಮೇಸ್ತ್ರಿಯ ಕಣ್ಣು ತೇವವಾಯಿತು. ಹೆಂಡತಿಯ ಕಡೆ ತಿರುಗಿದ. ಆಕೆ ಕುರ್ಚಿಯ ಕೆಳಗೆ ಚಪ್ಪಲಿ ಹುಡುಕುತ್ತಿದ್ದಳು.

ಮೊದಲ ಅರ್ಧ ಗಂಟೆ ಜನ ಬಂದ ಕೆಲಸ ಮಾಡಿದರು. ಖೋಕಾ ಅದೇ ಇತ್ತು, ಬಾಣದ ಗುರುತಿಗೆ ಕಪ್ಪು ಬಳಿದಿದ್ದರು. ಆದರೆ ಬಳಿದ ಬಣ್ಣದೊಳಗಿಂದಲೂ ಬಾಣ ಕೆಳಮುಖವಾಗಿ ಕಾಣುತ್ತಿತ್ತು, ಖೋಕಾ ಈಗ ತಲೆಕೆಳಗಾಗಿತ್ತು. ಬಾವಲಿ ಹಾರುವಾಗ ಅದರ ಹೊಟ್ಟೆಯಲ್ಲಿ ಛತ್ರಿಯ ಹಿಡಿ ಕಂಡಿತು. ಜನ ಹೋ ಎಂದು ನಕ್ಕರು. ಮೇಸ್ತ್ರಿ ಬೆವರಿದ.

"ನಗ್ತಿದ್ದಾರೆ" ಎಂದರು ಅತ್ತೆ, ಸಾಕ್ಷಿ ಬರೆದುಕೊಳ್ಳುವವರ ಹಾಗೆ.

"ಅದು ಛತ್ರಿಗೆ, ಅತ್ತೆ. ಹಲ್ಲಿನ್ನೂ ಬಂದಿಲ್ಲ."

ಆಮೇಲೆ ಬಂತು. ಕೆಟಲಿನಿಂದ ಬಿಟ್ಟ ಹಬೆಯ ನಡುವೆ ಬಾಗಿಲು ತೆರೆಯಿತು. ಅಂಚೆಯಣ್ಣ ಕಪ್ಪು ನಿಲುವಂಗಿಯಲ್ಲಿ ನಿಂತಿದ್ದರು. ಕ್ಯಾಮೆರಾ ಮೆಲ್ಲಗೆ ಹತ್ತಿರ ಹೋಯಿತು. ಕೆನ್ನೆ, ಮೂಗು, ತುಟಿ. ಕೊನೆಗೆ ಪರದೆ ತುಂಬ ಬಾಯಿ ಮಾತ್ರ. ತುಟಿ ಅಗಲವಾಯಿತು, ಹಲ್ಲು ತೆರೆದುಕೊಂಡಿತು. ಕೋರೆಹಲ್ಲುಗಳು ಒಂದೊಂದೂ ಬಾಗಿಲಿನಷ್ಟು ಎತ್ತರ, ಫಳಫಳ ಹೊಳೆಯುತ್ತಿದ್ದವು.

ಮೇಸ್ತ್ರಿ ಕಣ್ಣು ಮುಚ್ಚಿದ. ಚೀರಾಟ ಕೇಳಲು ಕಾದ. ಇಲ್ಲವೇ ನಗು.

ಎರಡೂ ಕೇಳಲಿಲ್ಲ.

ಕಣ್ಣು ತೆರೆದ. ಚಿತ್ರಮಂದಿರದಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಇನ್ನೇನಿಲ್ಲ. ನಾನೂರು ಜನ ಬಾಯಿ ತೆರೆದು ಪರದೆಯನ್ನೇ ನೋಡುತ್ತಿದ್ದರು. ತಿನ್ನುತ್ತಿದ್ದವರ ಕೈ ಬಾಯಿಯ ಹತ್ತಿರವೇ ನಿಂತಿತ್ತು. ಅಷ್ಟು ಜನ ಒಟ್ಟಿಗೆ ಸುಮ್ಮನಿದ್ದದ್ದನ್ನು ಮೇಸ್ತ್ರಿ ತನ್ನ ಜೀವಮಾನದಲ್ಲಿ ಕಂಡಿರಲಿಲ್ಲ.

ಎರಡನೇ ಸಾಲಿನಿಂದ ಹಿಟ್ಟಿನ ಗಿರಣಿಯವನು ಎದ್ದು ನಿಂತ. ಮೂಟೆಯಂಥ ಆಳು, ಒಬ್ಬನೇ ಎರಡು ಚೀಲ ಹೊರುವವನು. ಅವನ ದನಿ ಮಾತ್ರ ಮಗುವಿನದಾಗಿತ್ತು.

"ನಮ್ಮಮ್ಮ!" ಎಂದ.

ಅವನ ತಾಯಿ ತೀರಿಕೊಂಡು ಒಂದು ವರ್ಷವಾಗಿತ್ತು. ಅವರ ಹಲ್ಲು ಕಟ್ಟಿದ್ದು ಮೇಸ್ತ್ರಿಯೇ.

"ಅಮ್ಮ ಎಲ್ಲಯ್ಯಾ, ನಮ್ಮ ತಾತ!" ಎಂದಿತು ಹಿಂದಿನ ಸಾಲು.

"ನಮ್ಮ ದೊಡ್ಡಮ್ಮ ಕಣ್ರೀ! ಥೇಟ್ ಹಿಂಗೇ ನಗೋರು!"

ಮುದುಕರು ಮಾತ್ರ ತಮ್ಮ ತಮ್ಮ ಬಾಯಿಯನ್ನು ಬೆರಳಿನಿಂದ ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಮೇಸ್ತ್ರಿ ಈಗ ಪರದೆಯನ್ನು ಸರಿಯಾಗಿ ನೋಡಿದ. ಎಡಗಡೆಯ ಕೋರೆಹಲ್ಲಿನ ಪಕ್ಕದಲ್ಲಿ, ಮುಂದಿನ ಎರಡನೇ ಹಲ್ಲು ಒಂದು ಕೂದಲೆಳೆಯಷ್ಟು ಓರೆಯಾಗಿ, ಪಕ್ಕದ ಹಲ್ಲಿಗೆ ಹೆಗಲು ಕೊಟ್ಟು ನಿಂತಿತ್ತು. ಎಷ್ಟು ಕ್ರೂರವಾಗಿ ಬಾಯಿ ಬಿಟ್ಟರೂ ಅದೊಂದು ಹಲ್ಲಿನಿಂದ ಇಡೀ ಮುಖ ಈಗಷ್ಟೇ ನಗು ತಡೆದುಕೊಂಡ ಹಾಗೆ ಕಾಣುತ್ತಿತ್ತು. ಆ ಹಲ್ಲನ್ನು ಅವನು ಬೇಕೆಂದು ಓರೆ ಇಟ್ಟಿರಲಿಲ್ಲ. ಯಾವತ್ತೂ ಇಟ್ಟಿರಲಿಲ್ಲ. ಬಿಸಿ ಚಾಕು ಹಿಡಿದಾಗ ಕೈ ತಾನೇ ಇಡುತ್ತಿತ್ತು. ಇಪ್ಪತ್ತನಾಲ್ಕು ವರ್ಷದಿಂದ, ಪ್ರತಿ ಬಾಯಿಗೂ.

ಅಷ್ಟರಲ್ಲಿ ಪರದೆಯ ಮೇಲೆ ನಾಯಕಿ ಹೆದರಿ ಹಿಂದೆ ಸರಿದಳು. ಜನಕ್ಕೆ ಅದು ಹಿಡಿಸಲಿಲ್ಲ.

"ಏನು ಸೊಕ್ಕು ನೋಡ್ರೀ ಹುಡುಗೀಗೆ! ಬಾಗಿಲಿಗೆ ಬಂದ ಹಿರಿಯರನ್ನ ಕೂತ್ಕೊಳ್ಳಿ ಅನ್ನೋದು ಬೇಡ್ವಾ?"

"ಪಾಪ, ಹಸಿದಿದ್ದಾರೆ. ಒಂದು ಗುಟುಕು ಕೊಟ್ರೆ ಇವಳ ಗಂಟೇನು ಹೋಗುತ್ತೆ?"

ನಾಯಕ ಮುರಿದ ಕುರ್ಚಿಯ ಕಾಲನ್ನು ಚೂಪು ಮಾಡಿಕೊಂಡು ಪಿಶಾಚಿಯ ಎದೆಗೆ ಗುರಿಯಿಟ್ಟಾಗ ಇಡೀ ಚಿತ್ರಮಂದಿರ ಎದ್ದು ನಿಂತಿತು. "ಬೇಡ!" "ಲೋ, ವಯಸ್ಸಾದವರ ಮೇಲೆ ಕೈ ಎತ್ತೀಯಾ?" ನಾಯಕ ಕೇಳಲಿಲ್ಲ. (ಚಿತ್ರೀಕರಣ ಮೊದಲೇ ಮುಗಿದಿತ್ತು.) ಅಂಚೆಯಣ್ಣ ಕೊನೆಯ ಸಲ ಬಾಯಿ ತೆರೆದು, ಆ ಓರೆ ಹಲ್ಲು ತೋರಿಸಿ, ಖೋಕಾದೊಳಗೆ ಒರಗಿದರು. ಗಿರಣಿಯವನು ಬಿಕ್ಕಿಬಿಕ್ಕಿ ಅತ್ತ. ಆಮೇಲೆ ಚಪ್ಪಾಳೆ ಶುರುವಾಯಿತು, ನಿಲ್ಲಲೇ ಇಲ್ಲ. ಜನರನ್ನು ಚೀರಿಸಲು ಹೊರಟ ಸ್ಟುಡಿಯೋದವನನ್ನು ನಾಲ್ಕು ಜನ ಹೆಗಲ ಮೇಲೆ ಹೊತ್ತರು. ಏನಾಯಿತೆಂದು ತಿಳಿಯದ ಅವನು ಅಲ್ಲಿಂದಲೇ, "ಹೆದರಿಕೆ ಆಯ್ತಾ? ಸ್ವಲ್ಪನಾದ್ರೂ ಆಯ್ತಾ?" ಎಂದು ಎಲ್ಲರನ್ನೂ ಕೇಳುತ್ತಿದ್ದ.

ಮೇಸ್ತ್ರಿ ಅತ್ತೆಯ ಕಡೆ ತಿರುಗಿದ. "ಅತ್ತೆ, ಚೀರಲಿಲ್ಲ."

"'ಬೇಡ' ಅಂದ್ರಲ್ಲ?" ಎಂದಳು ಹೆಂಡತಿ.

"ಅದು ಚೀರಿದ್ದಲ್ಲ, ಗದರಿದ್ದು" ಎಂದು ಅತ್ತೆಯೇ ತೀರ್ಪು ಕೊಟ್ಟರು. ಆದರೆ ಅವರ ಕಣ್ಣು ಖಾಲಿ ಪರದೆಯ ಮೇಲೇ ಇತ್ತು. "ಅಳಿಯಂದಿರೇ, ಆ ಹಲ್ಲು ನಿಮಗೆ ಎಲ್ಲಿ ಸಿಕ್ತು?"

"ಯಾವ ಹಲ್ಲು ಅತ್ತೆ?" ಎಂದ ಮೇಸ್ತ್ರಿ.

ಅತ್ತೆ ಮಗಳ ಕಡೆ ತಿರುಗಿದರು. "ಎಲ್ಲಿ, ಸ್ವಲ್ಪ ಹಲ್ಲು ಬಿಡು."

"ಇದೇನಮ್ಮಾ, ಜನದ ಮಧ್ಯೆ..."

"ಬಿಡು ಅಂದ್ನಲ್ಲ."

ಆಕೆ ಹುಬ್ಬು ಗಂಟಿಕ್ಕಿಕೊಂಡೇ ಹಲ್ಲು ಬಿಟ್ಟಳು. ಎಡಗಡೆ, ಮುಂದಿನ ಎರಡನೆಯದು, ಕೂದಲೆಳೆಯಷ್ಟು ಓರೆ. ಸುತ್ತಲಿನ ಮೂರು ಸಾಲು ಆಕೆಯನ್ನು ನೋಡಿತು, ಪರದೆಯನ್ನು ನೋಡಿತು, ಮತ್ತೆ ಆಕೆಯನ್ನು ನೋಡಿತು. ಗಿರಣಿಯವನು ಕೈ ಮುಗಿದ.

ಮೇಸ್ತ್ರಿಗೆ ಎಲ್ಲ ನೆನಪಾಯಿತು. ಇಪ್ಪತ್ತನಾಲ್ಕು ವರ್ಷದ ಹಿಂದೆ, ಅಂಗಡಿ ಹಾಕಿದ ಹೊಸತರಲ್ಲಿ, ಒಬ್ಬ ಹುಡುಗಿ ತಂದೆಯ ಮುರಿದ ಸೆಟ್ಟನ್ನು ಕಾಗದದಲ್ಲಿ ಸುತ್ತಿಕೊಂಡು ಬಂದಿದ್ದಳು. ಅವಳನ್ನು ನೋಡುತ್ತ ಇವನು ಸೆಟ್ಟನ್ನು ಕೈಯಿಂದ ಜಾರಿಸಿ ನಾಲ್ಕು ಚೂರು ಮಾಡಿದ. ಅವಳು ನಕ್ಕುಬಿಟ್ಟಳು. ಆ ನಗು ಆವತ್ತು ಕಣ್ಣಿನಿಂದ ಇಳಿದು ಕೈಗೆ ಹೋಗಿ ಕೂತಿರಬೇಕು. ಅವನಿಗೇ ತಿಳಿಸದೆ.

ಮನೆಗೆ ಬಂದ ಹೆಂಡತಿ ಬಾಗಿಲು ಹಾಕಿದ ಮೇಲೆ ಶುರುಮಾಡಿದಳು.

"ನನ್ನ ನಗುವನ್ನ ಊರಿಗೆಲ್ಲ ಹಂಚಿದ್ದೀರಾ?"

"ನನಗೇ ಗೊತ್ತಿರಲಿಲ್ಲ ಕಣೇ..."

"ಗೊತ್ತಿಲ್ದೆ ಇಪ್ಪತ್ತನಾಲ್ಕು ವರ್ಷ! ಒಂದು ದಿನ, ಒಂದೇ ಒಂದು ದಿನ, ನಿನ್ನ ನಗು ಚೆನ್ನಾಗಿದೆ ಅಂತ ಬಾಯಿ ಬಿಟ್ಟು ಹೇಳಿದ್ದೀರಾ? ನನಗೆ ಹೇಳ್ಲಿಲ್ಲ. ಗಿರಣಿಯವನ ತಾಯಿಗೆ ಕೊಟ್ರಿ. ಅಂಚೆಯಣ್ಣನಿಗೆ ಕೊಟ್ರಿ. ಕೊನೆಗೆ ದೆವ್ವಕ್ಕೂ ಕೊಟ್ರಿ!"

ಅಡುಗೆಮನೆಗೆ ಹೋದಳು. ಪಾತ್ರೆಯ ಸದ್ದು ಕೇಳಲಿಲ್ಲ. ಸಿಟ್ಟು ಬಂದಾಗ ಪಾತ್ರೆಗಳಿಗೆ ಬಾಯಿ ಬರುವ ಮನೆ ಅದು. ಈ ಮೌನಕ್ಕೆ ಮೇಸ್ತ್ರಿ ಚಿತ್ರಮಂದಿರದ ಮೌನಕ್ಕಿಂತ ಹೆಚ್ಚು ನಡುಗಿದ. ಮೆಲ್ಲಗೆ ಇಣುಕಿದ. ಆಕೆ ಸ್ಟೀಲ್ ತಟ್ಟೆಯನ್ನು ಮುಖದ ಮುಂದೆ ಹಿಡಿದುಕೊಂಡು, ತುಟಿ ಅಗಲಿಸಿ, ಎಡಗಡೆಯ ಹಲ್ಲನ್ನು ನೋಡಿಕೊಳ್ಳುತ್ತಿದ್ದಳು. ಅವನು ಸದ್ದಿಲ್ಲದೆ ಹಿಂದೆ ಸರಿದ. ಅಂಥದ್ದನ್ನು ನೋಡಿಬಿಟ್ಟ ಗಂಡಸು ಮಾತಾಡಬಾರದು ಎಂಬಷ್ಟು ಬುದ್ಧಿ ಅವನಿಗಿತ್ತು.

ಆ ವಾರದಲ್ಲಿ ಅತ್ತೆಯ ಹಲ್ಲು ತಯಾರಾಯಿತು. ಅವರು ಕನ್ನಡಿಯ ಮುಂದೆ ಬಹಳ ಹೊತ್ತು ನಿಂತರು. "ಇದು ನನ್ನದೇ ಹಲ್ಲು" ಎಂದರು. "ನನ್ನಿಂದ ಇವಳಿಗೆ ಹೋಗಿತ್ತು. ಊರೆಲ್ಲ ಸುತ್ತಿ ಈಗ ವಾಪಸ್ ಬಂತು." ಆವತ್ತು ಅವರು ಗಟ್ಟಿ ಬಿಸ್ಕತ್ತು ಕಡಿದ ಸದ್ದು ಅಂಗಡಿಗೂ ಕೇಳಿಸಿತು.

ಕತೆ ಇಲ್ಲಿಗೆ ಮುಗಿದಿದ್ದರೆ ಮೇಸ್ತ್ರಿ ಸುಖವಾಗಿರುತ್ತಿದ್ದ. ಆದರೆ ಸಿನಿಮಾ ಎಲ್ಲ ಆಟವೂ ತುಂಬಿ ಓಡುತ್ತಿತ್ತು, ಅಂಗಡಿಯ ಮುಂದೆ ಜನ ಸಾಲುಗಟ್ಟಿದ್ದರು. ಎಲ್ಲರಿಗೂ ದೆವ್ವದ ನಗುವೇ ಬೇಕು. ಹೆಂಡತಿ ಅಂಗಡಿಗೆ ಬಂದು ಸೊಂಟದ ಮೇಲೆ ಕೈಯಿಟ್ಟು ಆಜ್ಞೆ ಹೊರಡಿಸಿದಳು.

"ಇನ್ಮೇಲೆ ಈ ನಗು ಮನೆಯವರಿಗೆ ಮಾತ್ರ. ಹೊರಗಿನವರಿಗೆ ಬೇರೆ ಕಟ್ಟಿ."

ಮೇಸ್ತ್ರಿ ಒಪ್ಪಿ ಕೂತ. ಹಲ್ಲುಗಳನ್ನು ಸೇನೆಯ ಹಾಗೆ ನೆಟ್ಟಗೆ ನಿಲ್ಲಿಸಿದ. ನೋಡಿದರೆ ಎಡಗಡೆಯದು ಓರೆ. ಕಿತ್ತು ಮತ್ತೆ ಇಟ್ಟ. ಓರೆ. ಕಣ್ಣು ಮುಚ್ಚಿ ಇಟ್ಟ. ಇನ್ನಷ್ಟು ಓರೆ. ಮೂರು ದಿನ ಕಳೆದವು.

"ಅಯ್ಯೋ, ನಿಮ್ಮ ಹಣೆಬರಹವೇ!" ಎಂದು ಹೆಂಡತಿ ಗಿರಾಕಿಗಳ ಕುರ್ಚಿಯಲ್ಲಿ ಅವನನ್ನೇ ಕೂರಿಸಿ ಕೈಗೆ ಕನ್ನಡಿ ಕೊಟ್ಟಳು. "ನಿಮಗೂ ಹಲ್ಲಿದೆ ಅಲ್ವಾ? ಅದನ್ನ ನೋಡ್ಕೊಂಡು ಕಟ್ಟಿ. ನಗಿ."

ಮೇಸ್ತ್ರಿ ಯೋಚಿಸಿದ. ತಾನು ಕೊನೆಯ ಸಲ ನಕ್ಕದ್ದು ಯಾವಾಗ ಎಂದು ನೆನಪಾಗಲಿಲ್ಲ. ತುಟಿಗಳನ್ನು ಎರಡು ಕಡೆಗೆ ಎಳೆದ.

"ಅದು ನಗುವಲ್ಲ, ಹೊಟ್ಟೆನೋವು. ಹಲ್ಲು ಕಾಣಲಿ."

ಹಲ್ಲು ಕಾಣಿಸಿದ.

"ಕಣ್ಣೂ ನಗಲಿ ಅಳಿಯಂದಿರೇ" ಎಂದರು ಬಿಸ್ಕತ್ತಿನ ಡಬ್ಬಿ ಹಿಡಿದು ನಿಂತಿದ್ದ ಅತ್ತೆ.

ಕಣ್ಣನ್ನೂ ಅರಳಿಸಿದ. ಹೆಂಡತಿ ಹೇಳಿದಳೆಂದು ಕತ್ತನ್ನೂ ಸ್ವಲ್ಪ ಓರೆ ಮಾಡಿದ. ಇಪ್ಪತ್ತನಾಲ್ಕು ವರ್ಷದಿಂದ ಒಳಗೇ ಉಳಿದಿದ್ದ ಪ್ರೀತಿಯೆಲ್ಲ ಒಟ್ಟಿಗೆ ಹೊರಗೆ ಬರಲಿ ಎಂದು ಹೆಂಡತಿಯನ್ನೇ ನೋಡುತ್ತ, ಮನಸಾರೆ, ಬಾಯಿ ತುಂಬ ನಕ್ಕ.

ಅದೇ ಹೊತ್ತಿಗೆ ಸ್ಟುಡಿಯೋದವನು ಬಾಗಿಲು ತಳ್ಳಿಕೊಂಡು ಒಳಗೆ ಕಾಲಿಟ್ಟ. ಮೇಸ್ತ್ರಿ ಅದೇ ನಗುವಿನಲ್ಲಿ ಅವನ ಕಡೆ ತಿರುಗಿದ.

ಸ್ಟುಡಿಯೋದವನು ಚೀರಿದ. ಎದೆಯಾಳದಿಂದ, ಬೀದಿಯ ಆ ತುದಿಗೆ ಕೇಳುವ ಹಾಗೆ ಚೀರಿದ. ಕಪಾಟಿನ ಮೇಲಿಂದ ಎರಡು ಅಚ್ಚು ಕೆಳಗೆ ಬಿದ್ದವು. ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು, ನಡುಗುತ್ತ, ದಿಗ್ಭ್ರಮೆಯಿಂದ ಮೇಸ್ತ್ರಿಯ ಮುಖವನ್ನೇ ನೋಡಿದ. ನಿಧಾನಕ್ಕೆ ಅವನ ಕಣ್ಣಲ್ಲಿ ನೀರು ತುಂಬಿತು. ಎರಡು ವರ್ಷದಿಂದ ಹುಡುಕುತ್ತಿದ್ದದ್ದು ಸಿಕ್ಕವನ ಹಾಗೆ ಭಕ್ತಿಯಿಂದ ಎರಡು ಹೆಜ್ಜೆ ಹತ್ತಿರ ಬಂದ.

"ಮೇಸ್ತ್ರಿ" ಎಂದ, "ಮೂರನೇ ಭಾಗಕ್ಕೆ ಹಲ್ಲು ಕಟ್ಟೋದು ಬೇಡ. ನೀವೇ ಬಂದುಬಿಡಿ."

ಅತ್ತೆ ತಮ್ಮ ಹೊಸ ಹಲ್ಲು ಪೂರ್ತಿ ಕಾಣುವ ಹಾಗೆ ನಕ್ಕರು. ಅವರ ಪಕ್ಕದಲ್ಲಿ ಹೆಂಡತಿಯೂ ಗೋಡೆ ಹಿಡಿದುಕೊಂಡು ನಗುತ್ತಿದ್ದಳು. ಎರಡು ಬಾಯಲ್ಲೂ ಎಡಗಡೆಯ ಎರಡನೇ ಹಲ್ಲು ಓರೆಯಾಗಿ ಮೇಸ್ತ್ರಿಯನ್ನೇ ನೋಡುತ್ತಿತ್ತು. ಅವನ ಕೈಯಲ್ಲಿದ್ದ ಕನ್ನಡಿ, ಇಪ್ಪತ್ತನಾಲ್ಕು ವರ್ಷದ ಹಿಂದಿನ ಸೆಟ್ಟಿನ ಹಾಗೆಯೇ, ಕೆಳಗೆ ಬಿದ್ದು ನಾಲ್ಕು ಚೂರಾಯಿತು.